ಅಂತೆ ಲಾಯರ್ ಗುರುಮಲ್ಲಪ್ಪನವರು

ಕಿವಿಯಲ್ಲಿ ಕೇಳಿದ ಸುದ್ದಿಯನ್ನು ಕಣ್ಣಲ್ಲಿ ಕಂಡವರ ಹಾಗೆ ಹೇಳಿ ಗುರುಮಲ್ಲಪ್ಪನವರ ಕೈಯಿಂದ ಪಾರಾದವರನ್ನು ನಾನು ನೋಡಿಲ್ಲ. "ರಾಜೀವನಗರದ ಹತ್ತಿರ ಬಸ್ಸು ಕೆಟ್ಟು ನಿಂತಿದೆ ಸಾರ್" ಎಂದರೆ ಸಾಕು, ಕನ್ನಡಕವನ್ನು ವಿಭೂತಿಯ ಮೇಲಕ್ಕೆ ಏರಿಸಿಕೊಂಡು, "ನೀನೇ ನೋಡಿದ್ಯೋ, ಯಾರಾದ್ರೂ ಅಂದ್ರೋ?" ಎನ್ನುವರು. ಯಾರೋ ಅಂದರು ಎಂದು ಒಪ್ಪಿಕೊಂಡರೆ, "ಹಂಗಾದ್ರೆ ನಿಂತಿದೆಯಂತೆ ಅನ್ನು. ಅಂತೆ ಅಂದ್ರೆ ನಾಲಿಗೆ ಸವೆದೋಗ್ತದಾ?" ಎಂದು ಗದರುವರು. ಮೈಸೂರಿನ ಕೋರ್ಟಿನಲ್ಲಿ ಅವರ ಬೆನ್ನ ಹಿಂದೆ ಎಲ್ಲರೂ ಅವರನ್ನು ಅಂತೆ ಲಾಯರ್ ಎಂದೇ ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು.

ಬಿಸಿಲಿಗೆ ಕಪ್ಪು ಬಣ್ಣ ಹೋಗಿ ಹಸಿರಿಗೆ ತಿರುಗಿದ ಕೋಟು, ಸಿದ್ಧಾರ್ಥನಗರದಿಂದ ಅವರನ್ನು ಹೊತ್ತು ತರುವಾಗ ದಾರಿಯುದ್ದಕ್ಕೂ ಕೆಮ್ಮುತ್ತಿದ್ದ ಮೊಪೆಡ್ಡು, ಅದರ ಹಿಂದೆ ಟ್ಯೂಬಿನಲ್ಲಿ ಕಟ್ಟಿದ ಕೇಸಿನ ಕಟ್ಟುಗಳು. ಒಮ್ಮೆ ಕ್ಯಾಂಟೀನಿನವನು "ಇಡ್ಲಿ ಖಾಲಿ ಸಾರ್" ಎಂದ. "ಪಾತ್ರೆ ಮುಚ್ಚಳ ತೆಗೆದು ನೋಡ್ದೇನಪ್ಪ?" ಎಂದು ಇವರೇ ಒಳಗೆ ಹೋಗಿ, ತಳದಲ್ಲಿ ಉಳಿದಿದ್ದ ಎರಡು ಇಡ್ಲಿ ಹಿಡಿದು ಹೊರಗೆ ಬಂದರು. ಒಂದು ಕೇಸು ಗೆದ್ದಷ್ಟು ಸಂತೋಷ ಆ ಮುಖದಲ್ಲಿ.

ಮನೆಯಲ್ಲಿ ಅವರ ಶ್ರೀಮತಿ ಗೌರಮ್ಮನವರ ಪಾಡು ಇದಕ್ಕಿಂತ ಕಷ್ಟ. ಬೆಕ್ಕು ಹಾಲು ಕುಡಿದುಬಿಟ್ಟಿತು ಎಂದು ಆಕೆ ಕೂಗಿದ ದಿನ ನಾನೂ ಅಲ್ಲೇ ಇದ್ದೆ. "ಕುಡಿಯೋದು ಕಂಡ್ಯೇನೇ? ಮೀಸೆಗೆ ಹಾಲಂಟಿತ್ತಾ?" ಎಂದು ಇವರು ಶುರು ಮಾಡಿದರು. "ಹೋಗಿ, ಬೆಕ್ಕಿನ ಪರವಾಗಿ ವಕಾಲತ್ತು ಹಾಕ್ಬುಡಿ. ಕಾಫಿ ಮಾತ್ರ ಇಲ್ಲ ಇವತ್ತು" ಎಂದರು ಗೌರಮ್ಮ. ಹಾಲು ಕುಡಿದದ್ದು ಬೆಕ್ಕೇ. ಅದರಲ್ಲಿ ನನಗಂತೂ ಸಂಶಯವಿಲ್ಲ. ಇವರು ಮಾತ್ರ ಕೊನೆಯವರೆಗೂ ಒಪ್ಪಲಿಲ್ಲ.

ತೊಂಬತ್ತರ ದಶಕದ ನಡುಭಾಗದಲ್ಲಿ ನಾನು ಸೆಷನ್ಸ್ ಕೋರ್ಟಿಗೆ ಟೈಪಿಸ್ಟಾಗಿ ಸೇರಿದೆ. ಕಂಪ್ಯೂಟರ್ ಇನ್ನೂ ಬಂದಿರಲಿಲ್ಲ. ಒಂಟಿಕೊಪ್ಪಲಿನಿಂದ ಬಸ್ಸಿನಲ್ಲಿ ಬಂದು, ಸಾಕ್ಷಿಗಳು ಹೇಳಿದ್ದನ್ನು ಕನ್ನಡ ಟೈಪ್‌ರೈಟರಿನಲ್ಲಿ ಕುಟ್ಟುವುದು ನನ್ನ ಕೆಲಸ. ನನ್ನ ಕನ್ನಡದ ಬಗ್ಗೆ ನನಗೆ ಜಂಬವಿತ್ತು. ಸಾಕ್ಷಿ "ಓಯ್ತಿದ್ದೆ" ಎಂದರೆ ನನ್ನ ಬೆರಳು "ಹೋಗುತ್ತಿದ್ದೆನು" ಎಂದು ಹೊಡೆಯುತ್ತಿತ್ತು. ಜಡ್ಜ್ ಸಾಹೇಬರೂ ಇದನ್ನು ಮೆಚ್ಚಿ, ಸಾಕ್ಷಿ ಸರಾಗವಾಗಿ ಮಾತಾಡುವಾಗ ತಾವು ಹೇಳಿ ಬರೆಸದೆ ನನಗೇ ಬಿಟ್ಟುಬಿಡುತ್ತಿದ್ದರು.

ಪ್ರತಿ ಹೇಳಿಕೆಯ ಕೊನೆಗೆ "ಓದಿ ಹೇಳಲಾಯಿತು, ಸರಿ ಇದೆ" ಎಂಬ ಸಾಲು ಇರಲೇಬೇಕು. ಆ ಸಾಲನ್ನು ನಾನು ತಪ್ಪದೆ ಟೈಪ್ ಮಾಡುತ್ತಿದ್ದೆ. ಓದಿ ಹೇಳುವವರು ಮಾತ್ರ ಯಾರೂ ಇರಲಿಲ್ಲ. ಸಾಕ್ಷಿ ಹೆಬ್ಬೆಟ್ಟು ಒತ್ತಿ ಬಸ್ಸಿಗೆ ಓಡುತ್ತಿದ್ದ, ನಾವು ಡಬ್ಬಿ ಬಿಚ್ಚುತ್ತಿದ್ದೆವು. ಗುರುಮಲ್ಲಪ್ಪನವರ ಕೇಸಿದ್ದ ದಿನ ಈ ಸುಖವಿಲ್ಲ. "ಓದಿ ಹೇಳಲಾಯಿತು ಅಂತ ಬರ್ದಿದ್ದೀಯಲ್ಲಮ್ಮ ಪದ್ಮ, ಯಾರಿಗೆ ಹೇಳ್ದೆ? ಮೆಷಿನ್ನಿಗಾ?" ಎಂದು ಮೊದಲಕ್ಷರದಿಂದ ಓದಿಸುವರು. ಅಷ್ಟರಲ್ಲಿ ನನ್ನ ಡಬ್ಬಿಯ ಉಪ್ಪಿಟ್ಟು ಇಟ್ಟಿಗೆಯಾಗಿರುತ್ತಿತ್ತು. ನಾನು ಅವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೇನೋ ಲೆಕ್ಕವಿಲ್ಲ.

ಸಿದ್ದರಾಜು ಎಂಬ ಬಣ್ಣ ಬಳಿಯುವವನ ಕೇಸು ಬಂದದ್ದು ಆಗಲೇ. ರಾಜೀವನಗರದ ಒಂದು ಮನೆಯಲ್ಲಿ ಒಂಟಿಯಾಗಿದ್ದ ಹೆಂಗಸನ್ನು ಯಾರೋ ಹಿಂದಿನಿಂದ ತಳ್ಳಿ ಸರ ಕಿತ್ತುಕೊಂಡು ಹೋಗಿದ್ದರು. ಆಕೆಗೆ ಮುಖ ಕಂಡಿರಲಿಲ್ಲ. ಹಿಂದಿನ ವಾರ ಆ ಮನೆಗೆ ಸುಣ್ಣಬಣ್ಣ ಮಾಡಿದ್ದವನು ಸಿದ್ದರಾಜು. ಎಂಟು ತಿಂಗಳಿಂದ ಅವನು ಜೈಲಿನಲ್ಲಿದ್ದ. ಸರ ಸಿಕ್ಕಿರಲಿಲ್ಲ. ಅವನ ಹೆಂಡತಿ ಪ್ರತಿ ವಾಯಿದೆಗೂ ಬಂದು ಕೋರ್ಟಿನ ಹೊರಗೆ ಕಂಬಕ್ಕೆ ಒರಗಿ ನಿಂತಿರುತ್ತಿದ್ದಳು. ಕೇಸು ನಿಂತದ್ದು ಒಬ್ಬಳೇ ಸಾಕ್ಷಿಯ ಮೇಲೆ. ಪಕ್ಕದ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಪುಟ್ಟತಾಯಮ್ಮ. ಅವಳ ಮಾತು ನಿಂತರೆ ಇವನಿಗೆ ಏಳೆಂಟು ವರ್ಷ ಖಾತ್ರಿ ಎಂದು ಕೋರ್ಟಿನ ಜವಾನನೂ ಹೇಳುತ್ತಿದ್ದ.

ಪುಟ್ಟತಾಯಮ್ಮ ಕಟಕಟೆಯಲ್ಲಿ ನಿಂತು ಒಂದೇ ಉಸಿರಿಗೆ ಎಲ್ಲ ಹೇಳಿದಳು. ನಾನೂ ಒಂದೇ ಉಸಿರಿಗೆ ಕುಟ್ಟಿದೆ. ಸರ್ಕಾರಿ ವಕೀಲರ ಪ್ರಶ್ನೆಗಳು ಮುಗಿದವು, ಗಡಿಯಾರ ಊಟದ ಹೊತ್ತು ತೋರಿಸಿತು, ಸಿದ್ದರಾಜುವಿನ ಪರ ಗುರುಮಲ್ಲಪ್ಪನವರು ಎದ್ದು ನಿಂತರು.

"ಖಾವಂದ್ರೇ, ನಾನು ಪಾಟೀಸವಾಲು ಮಾಡೋ ಮೊದ್ಲು ಇದನ್ನ ಓದಿಸ್ಬೇಕು."

ಜಡ್ಜ್ ಸಾಹೇಬರು ನಿಟ್ಟುಸಿರು ಬಿಟ್ಟು ನನ್ನ ಕಡೆ ಕೈ ತೋರಿಸಿದರು. ನಾನು ಓದಿದೆ. "ಬಣ್ಣ ಬಳಿಯುವ ಸಿದ್ದರಾಜುವು ಹಿತ್ತಲಿನಿಂದ ಓಡಿಹೋದನು" ಎಂಬಲ್ಲಿಗೆ ಬಂದಾಗ ಗುರುಮಲ್ಲಪ್ಪನವರು ಕೈ ಎತ್ತಿದರು.

"ಓಡೋದ್ನಂತೆ ಅಂದ್ಲು ಖಾವಂದ್ರೇ. ಅಂತೆ ಎಲ್ಲೋಯ್ತು?"

"ಏನಮ್ಮ, ಹಾಗಂದ್ಯಾ?" ಎಂದು ಜಡ್ಜ್ ಸಾಹೇಬರು ಕೇಳಿದರು. ಪುಟ್ಟತಾಯಮ್ಮ ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿ ಕೈ ಮುಗಿದಳು. "ಆ ತಾಯಿ ಎಂಗೆ ಬರ್ದವ್ರೋ ಅಂಗೇ ಬುದ್ಧಿ. ಓದ್ದೋರು ತಪ್ಪು ಬರೀತಾರಾ?"

ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಅವಳು ಅಂತೆ ಎಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಬೀದಿ ಮಾತು, ಬರವಣಿಗೆಗೆ ಒಪ್ಪುವುದಿಲ್ಲ ಎಂದು "ಓಯ್ತಿದ್ದೆ"ಯನ್ನು ತಿದ್ದುವ ಹಾಗೆ ಅದನ್ನೂ ತಿದ್ದಿ ಎಸೆದಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಸುಮ್ಮನಿದ್ದರೆ ಕೇಳುವವರೇ ಇಲ್ಲ. ಆರೋಪಿಯ ಜಾಗದಲ್ಲಿದ್ದ ಸಿದ್ದರಾಜುವಿಗೆ ಅಲ್ಲಿ ಏನು ನಡೆಯುತ್ತಿದೆ ಎಂಬುದೇ ಅರ್ಥವಾಗಿರಲಿಲ್ಲ. ಅವನು ನನ್ನತ್ತ ನೋಡಲೂ ಇಲ್ಲ, ತನ್ನ ಉಗುರಿನ ಸಂದಿಯನ್ನು ಕೆರೆಯುತ್ತ ನಿಂತಿದ್ದ.

"ಓಡೋದ್ನಂತೆ ಅಂದ್ರು ಸಾರ್" ಎಂದೆ. "ನಾನೇ ಓಡಿಹೋದನು ಅಂತ ಹೊಡೆದೆ."

ಜಡ್ಜ್ ಸಾಹೇಬರು ಕಾಗದ ತರಿಸಿಕೊಂಡು ತಮ್ಮ ಕೈಯಾರೆ ತಿದ್ದಿ ಪಕ್ಕದಲ್ಲಿ ರುಜು ಹಾಕಿದರು. "ನೀನು ಕಣ್ಣಾರೆ ನೋಡಿದ್ಯೇನಮ್ಮ?" ಎಂದು ಪುಟ್ಟತಾಯಮ್ಮನನ್ನು ಕೇಳಿದರು.

"ಇಲ್ಲ ಬುದ್ಧಿ, ನಾನು ಒಳಗೆ ಪಾತ್ರೆ ಉಜ್ತಾ ಇದ್ದೆ. ಬೀದೀಲೆಲ್ಲ ಅಂದ್ಕೊಂತಿದ್ರು. ಬಣ್ಣದೋನ್ನ ಬುಟ್ರೆ ಇನ್ಯಾರು ಬಂದಾರು ಅಂತ."

ಕೆಲವು ವಾರಗಳ ಮೇಲೆ ಸಿದ್ದರಾಜುವಿನ ಬಿಡುಗಡೆಯಾಯಿತು. ಅವತ್ತಾದರೂ ಗುರುಮಲ್ಲಪ್ಪನವರು ನನಗೊಂದು ಒಳ್ಳೆಯ ಮಾತು ಹೇಳುತ್ತಾರೆಂದು ಕಾದಿದ್ದೆ. "ನಿನ್ನ ಶುದ್ಧ ಕನ್ನಡಕ್ಕೆ ಒಬ್ಬ ಒಳಗೋಗ್ತಿದ್ದ ಕಣಮ್ಮ" ಎಂದು ಹೇಳಿ ಮೊಪೆಡ್ಡು ತುಳಿಯುತ್ತ ಹೊರಟೇಬಿಟ್ಟರು. ರೆಕಾರ್ಡ್ ರೂಮಿಗೆ ಹೋಗಿ ಅತ್ತೆ. ಮಾರನೆಯ ದಿನದಿಂದ ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ ಹೊಡೆಯತೊಡಗಿದೆ. ಜಡ್ಜ್ ಸಾಹೇಬರಿಗೆ ನನ್ನ ಕನ್ನಡ ಕೆಟ್ಟುಹೋಯಿತು ಎಂದು ಬೇಸರವಾಯಿತು.

ಗುರುಮಲ್ಲಪ್ಪನವರನ್ನು ಕೊನೆಯ ಸಲ ನೋಡಿದ್ದು ಅವರು ತೀರಿಹೋಗುವುದಕ್ಕೆ ಎರಡು ತಿಂಗಳು ಮೊದಲು. ಆ ವೇಳೆಗೆ ನಮ್ಮ ಮೇಜಿಗೆ ಕಂಪ್ಯೂಟರ್ ಬಂದಿತ್ತು, ಅವರು ಕೋರ್ಟು ಬಿಟ್ಟಿದ್ದರು. ಸಿದ್ಧಾರ್ಥನಗರದ ಮನೆಯಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಗೌರಮ್ಮನವರು ಕಾಫಿ ತರಲು ಒಳಗೆ ಹೋದಾಗ, ಇಷ್ಟು ವರ್ಷ ಕೇಳಬೇಕೆಂದಿದ್ದದ್ದನ್ನು ಕೇಳಿಯೇಬಿಟ್ಟೆ.

"ಈ ಓದಿಸೋ ಹುಚ್ಚು ನಿಮಗೆ ಎಲ್ಲಿಂದ ಹಿಡೀತು ಸಾರ್?"

ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ವಕೀಲಿ ಶುರು ಮಾಡಿ ಎರಡನೇ ವರ್ಷ. ನಂಜುಂಡ ಅಂತ ನನ್ನ ಕಕ್ಷಿಗಾರ, ಗಾಡಿ ಹೊಡೆಯೋನು. ಸಾಕ್ಷಿ ಹೇಳಿಕೆ ಓದಿಸೋದಾ ಅಂತ ಜಡ್ಜು ಕೇಳಿದ್ರು. ನಂಗೆ ಹೊಟ್ಟೆ ಹಸೀತಿತ್ತು. ಬೇಡಿ ಸ್ವಾಮಿ, ಸರಿ ಇದೆ ಅಂದ್ಬುಟ್ಟೆ. ಸರಿ ಇರ್ಲಿಲ್ಲ. ಅವ್ನು ಒಳಗೋದ ಮೇಲೆ ಕಾಗದ ತೆಗೆದು ಓದ್ದೆ. ಆರು ವರ್ಷ ಆಯ್ತು ಅವ್ನಿಗೆ."

"ಅಪೀಲು ಹಾಕ್ಲಿಲ್ವಾ ಸಾರ್?"

"ಹಾಕ್ದೆ. ಸರಿ ಇದೆ ಅಂದೋರು ನೀವೇ ಅಲ್ವಾ ಅಂತ ಕೇಳಿದ್ರು. ಅಪೀಲು ವಜಾ ಆಯ್ತು." ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿದರು. "ಹೊರಗೆ ಬಂದ ದಿನ ಸೀದಾ ನಮ್ಮನೆಗೇ ಬಂದ. ಬೈಸ್ಕೊಳ್ಳೋಣ ಅಂತ ಬಾಗಿಲಲ್ಲೇ ನಿಂತಿದ್ದೆ. ಕೈ ಮುಗಿದ. ನಂಗೋಸ್ಕರ ಬಾಳ ಕಷ್ಟಪಟ್ರಿ ಬುದ್ಧಿ, ನಿಮ್ಮ ಉಪಕಾರ ಮರೆಯಾಕಿಲ್ಲ ಅಂದ."

ನಾನು ಎಣ್ಣೆಯ ಬಟ್ಟಲನ್ನು ಅವರ ಕೈಗೆಟುಕುವ ಹಾಗೆ ಸರಿಸಿದೆ.

"ಬೈದಿದ್ರೆ ಅವತ್ತಿಗೇ ಮುಗಿದೋಗೋದು ಕಣಮ್ಮ" ಎಂದರು.