ಮರುಳಪ್ಪ ಮೇಷ್ಟ್ರ ಹುಣಸೆ ಬೀಜದ ಲೆಕ್ಕ

ಮರುಳಪ್ಪ ಮೇಷ್ಟ್ರ ತರಗತಿಯೆಂದರೆ ಥೇಟ್ ಸಂತೆ. ಎಪ್ಪತ್ತರ ದಶಕದ ಕೊನೆಯ ಮಾತು. ಉಬ್ರಾಣಿ ಕಡೆಯ ಆ ಹಳ್ಳಿಯ ಶಾಲೆಯಲ್ಲಿ ಮಿಕ್ಕ ಮೇಷ್ಟ್ರುಗಳು ಬೆತ್ತ ಹಿಡಿದು ಮಗ್ಗಿ ಹೇಳಿಸುತ್ತಿದ್ದರೆ, ಇವರು ನೆಲದ ಮೇಲೆ ಹುಣಸೆ ಬೀಜ ಸಾಲಾಗಿ ಇಡಿಸಿ, "ಮೂರು ಸಾಲಿಗೆ ನಾಕ್ನಾಕು, ನಾಕು ಸಾಲಿಗೆ ಮೂರ್ಮೂರು. ಯಾವುದು ಹೆಚ್ಚು? ಜಗಳ ಆಡ್ರೋ!" ಎಂದು ಕೂತುಬಿಡುತ್ತಿದ್ದರು. ಮಕ್ಕಳು ಕಿತ್ತಾಡಿ ತಾವೇ ಒಂದು ತೀರ್ಮಾನಕ್ಕೆ ಬರುವ ತನಕ ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ.

ಆ ಗದ್ದಲದಲ್ಲೇ ಉಡಚಮ್ಮನಿಗೆ ಬಾಯಿ ಬಂದದ್ದು. ಕೂಲಿ ಮಾಡುವ ಮೂಕಪ್ಪನ ಮಗಳು. ವರ್ಷವೆಲ್ಲ ಬಾಗಿಲ ಹತ್ತಿರ ಮುದುಡಿ ಕೂತಿದ್ದವಳು ಅವತ್ತು ಎಲ್ಲರನ್ನೂ ತಳ್ಳಿಕೊಂಡು ಮುಂದೆ ಬಂದು, "ಅಡ್ಡಡ್ಡ ತಿರುಗ್ಸಿ ನೋಡ್ರಲೇ, ಎರಡೂ ಒಂದೇ ಐತೆ!" ಅಂದಳು. ಮೇಷ್ಟ್ರು ಮನೆಗೆ ಹೋಗಿ ಹೆಂಡತಿ ಕಲ್ಲಮ್ಮನ ಮುಂದೆ ಅದನ್ನೇ ಹೇಳಿದ್ದೇ ಹೇಳಿದ್ದು.

ಒಂದು ದಿನ ತನಿಖೆಗೆಂದು ಚನ್ನಗಿರಿಯಿಂದ ಸಾಹೇಬರು ಬಂದರು. ಮೇಷ್ಟ್ರು ಹೆಮ್ಮೆಯಿಂದ ಉಡಚಮ್ಮನನ್ನೇ ಕರೆದು ಬೀಜ ಎಣಿಸಲು ಹೇಳಿದರು. ಹುಡುಗಿ ಅಪ್ಪನ ಜೊತೆ ಕಣಕ್ಕೆ ಹೋಗಿ, ರಾಗಿ ಅಳೆಯುವುದನ್ನು ನೋಡುತ್ತಾ ಬೆಳೆದವಳು. ಕಣದಲ್ಲಿ ಮೊದಲನೇ ಕೊಳಗಕ್ಕೆ ಯಾರಾದರೂ ಒಂದು ಅನ್ನುತ್ತಾರೆಯೇ? ಶುಭದ ಮಾತಿನಿಂದಲೇ ಎಣಿಕೆ ಶುರು. "ಲಾಭ, ಎರಡು, ಮೂರು..." ಎಂದು ಗಟ್ಟಿಯಾಗಿ ಶುರುಮಾಡಿದಳು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನ್ರೀ ಮೇಷ್ಟ್ರೆ, ಇದು ಶಾಲೆನೋ, ರಾಗಿ ಕಣನೋ?"

ಅಲ್ಲ, ಆ ಹುಡುಗಿ ಮಾಡಿದ ತಪ್ಪಾದರೂ ಏನು? ಊರೆಲ್ಲ ಎಣಿಸುವ ಹಾಗೆ ಎಣಿಸಿದಳು. ಮೇಷ್ಟ್ರೂ ಒಕ್ಕಲು ಮನೆಯವರೇ, ಒಂದು ಮಾತು ಬಿಡಿಸಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾನ ಉಳಿಸಿಕೊಳ್ಳುವ ಆತುರ ನೋಡಿ! "ಥೂ ದಡ್ಡಿ, ಬಾಯಿ ಮುಚ್ಕೊಂಡು ಕೂತ್ಕೋ!" ಎಂದು ಗದರಿಬಿಟ್ಟರು. ಆ ಕೋಣೆಯಲ್ಲಿ ಅವರು ಒಂದು ಮಗುವನ್ನು ದಡ್ಡಿ ಎಂದು ಕರೆದದ್ದು ಅದೇ ಮೊದಲು.

ಸಾಹೇಬರ ಜೀಪು ಹೋದ ಮೇಲೆ ತಾವಾಡಿದ ಆ ಮಾತೇ ಮೇಷ್ಟ್ರ ಕಿವಿಯಲ್ಲಿ ಉಳಿಯಿತು. ಎಂಬತ್ತೆಂಟನೇ ಇಸವಿಯಲ್ಲಿ ನಿವೃತ್ತರಾದ ಮೇಲೂ ಅದು ಅವರನ್ನು ಬಿಡಲಿಲ್ಲ.

ಮರುದಿನ ಬೇಕೆಂದೇ ಕಷ್ಟದ ಲೆಕ್ಕ ಕೊಟ್ಟರು. ಎಲ್ಲರೂ ತಪ್ಪಿದರು. ಉಡಚಮ್ಮ ಮಾತ್ರ ಬೀಜಗಳನ್ನು ಸರಿಯಾಗಿ ಜೋಡಿಸಿ, ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ಸರಿಯಾಗೈತೆ ಕಣವ್ವ. ಹೆಂಗೆ ಮಾಡ್ದೆ, ಎಲ್ರಿಗೂ ಹೇಳು."

ಅವಳು ಬೀಜಗಳನ್ನು ಅಂಗೈಯಿಂದ ಕಲಸಿಬಿಟ್ಟಳು. "ನೀವೇ ಹೇಳ್ರಿ ಸಾ. ನಾವು ಕೇಳ್ತೀವಿ."

ಮಿಕ್ಕ ಮಕ್ಕಳೂ ಕೈಕಟ್ಟಿಕೊಂಡು ಮೇಷ್ಟ್ರ ಮುಖವನ್ನೇ ನೋಡುತ್ತಾ ಕೂತರು.