ಸವತಿ ಕಲ್ಲಿನ ಬೆಳಕು

ಇಂಥ ಬರಹಗಳನ್ನು ಮೊದಲ ಪ್ಯಾರಾದಲ್ಲೇ ಬಿಟ್ಟು ಪುಟ ತಿರುಗಿಸುತ್ತಿದ್ದವಳು ನಾನು. ಯಾರಾದರೂ ತಮಗೆ ಏನೋ ಕಂಡಿತು ಎಂದು ಶುರುಮಾಡಿದರೆ, ಪಾಪ, ಹೊಟ್ಟೆ ಸರಿಯಿಲ್ಲದೆ ಮಲಗಿರಬೇಕು ಅಂದುಕೊಳ್ಳುತ್ತಿದ್ದೆ. ನನ್ನನ್ನು ಬೆಳೆಸಿದವರು ಕಾನ್ವೆಂಟಿನ ಸಿಸ್ಟರ್‌ಗಳು. ಬೋರ್ಡಿಂಗಿನ ಡಾರ್ಮಿಟರಿಯಲ್ಲಿ ಯಾವಳಾದರೂ ದೆವ್ವ ಎಂದು ಕಿರುಚಿದರೆ ಅವರು ಲೈಟ್ ಹಾಕಿ, ಅವಳ ಕೈಗೆ ಪೊರಕೆ ಕೊಟ್ಟು, ದೆವ್ವ ನಿಂತಿದ್ದ ಮೂಲೆಯನ್ನು ಗುಡಿಸಲು ಹೇಳುತ್ತಿದ್ದರು. ಅಲ್ಲಿಂದ ಹೊರಬಂದು ನಾನು ಮದುವೆಯಾದದ್ದು ಒಬ್ಬ ಜಿಯಾಲಜಿಸ್ಟನ್ನು. ಸುತ್ತಿಗೆಯಿಂದ ಒಡೆದು ಲೆನ್ಸಿನಲ್ಲಿ ನೋಡಲಾಗದ್ದು ಯಾವುದೂ ಅವರ ಪಾಲಿಗೆ ನಿಜವಲ್ಲ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನಮ್ಮದು ಸಹಕಾರನಗರದಲ್ಲಿ ಒಂದು ಹಳೆಯ ಮನೆ. ಪಕ್ಕದ ಕಾರ್ ಶೆಡ್ಡಿನಲ್ಲಿ ಕಾರು ನಿಂತಿದ್ದನ್ನು ನಾನು ಕಂಡಿಲ್ಲ. ಅದು ನಮ್ಮವರ ಕಲ್ಲುಗಳ ಮನೆ. ಗೋಡೆಯುದ್ದಕ್ಕೂ ಷೆಲ್ಫುಗಳು, ಷೆಲ್ಫಿನ ಮೇಲೆ ಡಬ್ಬಿಗಳು, ಡಬ್ಬಿಗಳಲ್ಲಿ ಹತ್ತಿ ಸುತ್ತಿಕೊಂಡು ಮಲಗಿರುವ ಕಲ್ಲುಗಳು. ನಮ್ಮ ಮಗಳು ಕೂಸಾಗಿದ್ದಾಗ ಕೂಡ ಇಷ್ಟು ಹತ್ತಿ ಕಂಡಿರಲಿಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ. ಶೆಡ್ಡಿಗೆ ಬಾಗಿಲು ಅಂಗಳದ ಕಡೆಯಿಂದ ಮಾತ್ರ. ಮನೆಯೊಳಗೆ ಕಲ್ಲಿನ ದೂಳು ಬರಕೂಡದು ಎಂದು ಹಠಮಾಡಿ ನಾನೇ ಒಳಗಿನ ಬಾಗಿಲನ್ನು ಮುಚ್ಚಿಸಿದ್ದೆ.

ಆ ಕಲ್ಲುಗಳಲ್ಲಿ ಒಂದರ ಮೇಲೆ ಮಾತ್ರ ನನಗೆ ನಿಜವಾದ ಕೋಪವಿತ್ತು. ಹೆಬ್ಬೆರಳಿನಷ್ಟು ಗಾಜಿನ ಬಾಟಲಿ, ಬಾಯಿಗೆ ಮೇಣ. ಒಳಗೆ ಕಂದು ಕಲ್ಲಿನ ಚೂರು, ಅದರ ಮೇಲೆ ನಿಂಬೆಸಿಪ್ಪೆಯ ಬಣ್ಣದ ಸಣ್ಣ ಸಣ್ಣ ಹರಳು. ಅದೊಂದು ಯುರೇನಿಯಂ ಸಲ್ಫೇಟ್. ಅದರ ಪೂರ್ತಿ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಒಗ್ಗಿಲ್ಲ. ಅಮೆರಿಕದ ಮರುಭೂಮಿಯಲ್ಲಿ ಪಾಳುಬಿದ್ದ ಒಂದು ಗಣಿಯಿಂದ ಬಂದದ್ದು. ಕಲ್ಲಿನ ಹುಚ್ಚಿನವರು ಅಂಚೆಚೀಟಿ ಬದಲಾಯಿಸಿಕೊಂಡ ಹಾಗೆ ಕಲ್ಲು ಬದಲಾಯಿಸಿಕೊಳ್ಳುತ್ತಾರೆ. ಇವರು ಪುಣೆ ಕಡೆಯ ಒಂದು ಚೆಂದದ ಸ್ಫಟಿಕ ಕೊಟ್ಟು ಇದನ್ನು ತಂದಿದ್ದರು. ಸ್ಫಟಿಕ ಹೋದದ್ದಕ್ಕೆ ನನಗೆ ಮೊದಲೇ ಹೊಟ್ಟೆಯುರಿ, ಬಂದದ್ದು ನೋಡಿದರೆ ಯುರೇನಿಯಂ.

"ಮನೇಲಿ ಬಾಂಬ್ ಇಟ್ಕೊಂಡು ನಿದ್ದೆ ಹೆಂಗ್ರೀ ಬರತ್ತೆ ನಿಮಗೆ?" ಎಂದು ಕೇಳಿದರೆ ಅವರು ಪಾಠ ಶುರುಮಾಡುತ್ತಿದ್ದರು. ಮತ್ತಿಕೆರೆಯ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿದ ನಾಲಿಗೆ.

"ನಮ್ ಬಾತ್‌ರೂಮ್ ಗೋಡೆ ಉಪ್ಪು ಬಿಡತ್ತಲ್ಲ, ಬಿಳಿ ಪುಡಿ ಪುಡಿಯಾಗಿ? ಇದೂ ಅದೇ ಕಣೇ. ಗಣಿ ಅಗೆದು ಬಿಟ್ಟುಹೋಗ್ತಾರೆ. ಒಳಗಡೆ ಯುರೇನಿಯಂ ಅದಿರು ಇರತ್ತೆ, ಪಕ್ಕದಲ್ಲಿ ಗಂಧಕ ಇರೋ ಪೈರೈಟ್ ಇರತ್ತೆ. ಸುರಂಗಕ್ಕೆ ಗಾಳಿ, ತೇವ ನುಗ್ಗತ್ತೆ. ಪೈರೈಟ್ ಕೊಳೆತು ಆಸಿಡ್ ಆಗತ್ತೆ. ಆಸಿಡ್ ನೀರು ಯುರೇನಿಯಂನ ಕರಗಿಸ್ಕೊಂಡು ಗೋಡೆಗೆ ಬಂದು ಜಿನುಗತ್ತೆ, ಒಣಗತ್ತೆ. ಒಣಗಿದ್ಮೇಲೆ ಉಳಿಯೋದೇ ಈ ಹರಳು."

ಅಂದರೆ ಮನುಷ್ಯ ಅಗೆಯದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಭೂಮಿಯ ವಯಸ್ಸಿನ ಮುಂದೆ ನಿನ್ನೆ ಮೊನ್ನೆಯ ಕೂಸು. "ಅದು ಹುಟ್ಟಿದ್ದು ಗಣಿ ಮುಚ್ಚಿದ್ಮೇಲೆ. ನಿನಗಿಂತ ಚಿಕ್ಕ ವಯಸ್ಸು" ಎಂದು ಒಮ್ಮೆ ಬಾಯಿತಪ್ಪಿ ಹೇಳಿದರು. ಅವತ್ತಿನಿಂದ ಅದಕ್ಕೆ ನಾನಿಟ್ಟ ಹೆಸರು ಸವತಿ.

ಸವತಿಗೆ ಬಹಳ ಉಪಚಾರ. ನೀರು ತಾಗಿದರೆ ಸಕ್ಕರೆಯಂತೆ ಕರಗಿಹೋಗುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಿಂದ ಒರೆಸುವಂತಿಲ್ಲ. ಗಣಿಯ ಗೋಡೆಯ ಮೇಲೂ ಅಷ್ಟೇ, ಒಂದು ಮಳೆಯ ನೀರು ನುಗ್ಗಿದರೆ ಅಷ್ಟೂ ಹರಳು ಮಾಯ. ಅದರ ಇನ್ನೊಂದು ಗುಣವನ್ನು ತೋರಿಸುವುದು ಮನೆಗೆ ಬಂದ ಅತಿಥಿಗಳಿಗೆ. ಕಾಫಿ ಆದ ಮೇಲೆ ಎಲ್ಲರನ್ನೂ ಶೆಡ್ಡಿಗೆ ಕರೆದುಕೊಂಡು ಹೋಗಿ, ಲೈಟ್ ಆರಿಸಿ, ಅಲ್ಟ್ರಾವಯಲೆಟ್ ಟಾರ್ಚ್ ಬಿಡುತ್ತಿದ್ದರು. ಆ ಪುಟ್ಟ ಹರಳುಗಳು ಹಳದಿ ಬೆರೆತ ಹಸಿರಾಗಿ, ಬಾಳೆಯ ಎಳೆ ಸುಳಿಯ ಹಿಂದೆ ಬಿಸಿಲು ನಿಂತ ಹಾಗೆ, ಹೊತ್ತಿಕೊಳ್ಳುತ್ತಿದ್ದವು. ನೋಡಿದವರೆಲ್ಲ ಬೆರಗಾಗುತ್ತಿದ್ದರು. ನಾನೂ, ಒಳಗೊಳಗೇ. ಟಾರ್ಚ್ ಆರಿಸಿದ ಕ್ಷಣ ಅದೂ ಆರುತ್ತಿತ್ತು. "ಟಾರ್ಚ್ ಬಿಟ್ರೆ ಮಾತ್ರ ಬೆಳಗೋದು. ಕತ್ತಲಲ್ಲಿ ತಾನೇ ತಾನಾಗಿ ಹೊಳೆಯೋದೆಲ್ಲ ಸಿನಿಮಾದಲ್ಲಿ" ಎಂದು ಪ್ರತಿಸಲವೂ ಹೇಳಿಯೇ ಅವರು ಬಾಗಿಲು ಹಾಕುತ್ತಿದ್ದರು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇದಾದದ್ದು ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ. ಎದುರುಮನೆಯ ನಸೀಮಾ ಮೊಮ್ಮಗಳಿಗೆ ಬಿಸ್ಮಿಲ್ಲಾ ಮಾಡಿಸುತ್ತಿದ್ದಳು. ಮಗುವಿಗೆ ಮೊದಲ ಅಕ್ಷರ ಹೇಳಿಕೊಡುವ ಶಾಸ್ತ್ರ ಅದು, ಆಮೇಲೆ ಊಟ. ನಸೀಮಾ ಬೆಳಿಗ್ಗೆಯೇ ಗೇಟಿನಲ್ಲಿ ನಿಂತು ಹೇಳಿಹೋಗಿದ್ದಳು: "ಅಕ್ಕಾ, ಸಾರ್‌ಗೆ ಹೇಳಿ, ಮನೇಲಿ ಚಪಾತಿ ಗಿಪಾತಿ ತಿಂದು ಬಂದ್ರೆ ನಾನು ಮಾತಾಡ್ಸಲ್ಲ. ಬಿರಿಯಾನಿ ಅವರಿಗೋಸ್ಕರಾನೇ ಮಾಡಿಸ್ತಿರೋದು." ನಮ್ಮವರಿಗೆ ಸಕ್ಕರೆ ಕಾಯಿಲೆ. ಸಂಜೆ ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಏನಾದರೂ ತಿನ್ನಲೇಬೇಕು. ಅವತ್ತು ಬಿರಿಯಾನಿಯ ಗೌರವಕ್ಕೆ ಹೊಟ್ಟೆ ಖಾಲಿ ಇಟ್ಟುಕೊಂಡು, ಇಂಜೆಕ್ಷನ್ ಮಾತ್ರ ಎಂದಿನ ಹೊತ್ತಿಗೇ ತೆಗೆದುಕೊಂಡಿದ್ದರು. ನನಗೆ ಹೇಳಿರಲಿಲ್ಲ.

"ಪಾರ್ಕಲ್ಲಿ ಒಂದ್ ರೌಂಡ್ ಹಾಕ್ಕೊಂಡು ಸೀದಾ ಅಲ್ಲಿಗೇ ಬರ್ತೀನಿ. ನೀನು ಹೋಗಿರು" ಎಂದು ಹೊರಟರು. ಸ್ವಲ್ಪ ಹೊತ್ತಿಗೆ ಮಳೆ ಹಿಡಿಯಿತು. ಎಲ್ಲೋ ಬೇಕರಿಯ ಕೆಳಗೆ ನಿಂತು ಯಾರಿಗೋ ಪಾಠ ಹೇಳುತ್ತಿರುತ್ತಾರೆ ಅಂದುಕೊಂಡೆ. ನಾನು ಸೀರೆ ಉಟ್ಟು, ಮಗುವಿಗೆಂದು ಮಾಡಿದ್ದ ಜಾಮೂನಿನ ಡಬ್ಬಿ ಹಿಡಿದುಕೊಳ್ಳುವಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಲೇಔಟೇ ಕತ್ತಲೆ. ನಮ್ಮ ಯುಪಿಎಸ್ ಆಗಲೇ ಕೆಟ್ಟು ಕೂತಿತ್ತು.

ಮುಂಬಾಗಿಲಿಗೆ ಬೀಗ ಹಾಕಿ, ಛತ್ರಿ ಬಿಚ್ಚಿ, ಗೇಟಿನ ಕಡೆ ನಡೆದೆ. ಮಳೆ ಜಿನುಗುತ್ತಿತ್ತು, ಗುಡುಗು ಮಿಂಚು ಏನೂ ಇರಲಿಲ್ಲ. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ಯಾಕೆ ತಿರುಗಿದೆನೋ ಗೊತ್ತಿಲ್ಲ. ಶೆಡ್ಡಿನ ಕಿಟಕಿಯಲ್ಲಿ ಬೆಳಕಿತ್ತು. ಸಣ್ಣದು, ಅಲುಗಾಡದೆ ನಿಂತದ್ದು. ಸವತಿ ಕೂರುವ ಷೆಲ್ಫಿನ ಎತ್ತರದಲ್ಲೇ, ಅದೇ ಬಾಳೆಸುಳಿಯ ಬಣ್ಣ.

ನಿಜ ಹೇಳುತ್ತೇನೆ, ನನಗೆ ಆಗ ಆದದ್ದು ಭಯವಲ್ಲ, ಸಿಟ್ಟು. ಟಾರ್ಚನ್ನು ಆರಿಸದೇ ಹೋಗಿದ್ದಾರೆ, ಬ್ಯಾಟರಿ ದಂಡ ಎಂದು ಬೈದುಕೊಂಡೇ ಅಂಗಳ ದಾಟಿ ಬಾಗಿಲು ತಳ್ಳಿದೆ. ಒಳಗೆ ಟಾರ್ಚ್ ಕಾಣಲಿಲ್ಲ. ಬೆಳಕು ಮಾತ್ರ ಷೆಲ್ಫಿನಿಂದ ಇಳಿದು ನೆಲದ ಮೇಲೆ ಬಿದ್ದಿತ್ತು. ಅಲ್ಲಿ ಒಂದು ಕನ್ನಡಕ. ಅದರಾಚೆ ಬಿಳಿ ಕೂದಲು.

ಮಳೆ ಬಂತೆಂದು ಅವರು ಅರ್ಧದಾರಿಯಿಂದಲೇ ತಿರುಗಿ ಬಂದು, ನಾನು ಸೀರೆ ಉಡುತ್ತಿದ್ದಾಗ ಶೆಡ್ಡಿಗೆ ನುಗ್ಗಿದ್ದರು. ಅಲ್ಲೇ ಸಕ್ಕರೆ ಇಳಿದು ಕುಸಿದಿದ್ದರು. ಮೈಯೆಲ್ಲ ಬೆವರು. "ರೀ" ಎಂದು ಅಲುಗಾಡಿಸಿದರೆ ಗಂಟಲಲ್ಲಿ ಏನೋ ಗೊಣಗಿದರು, ಕಣ್ಣು ಬಿಡಲಿಲ್ಲ. ನಾನು ಡಬ್ಬಿ ತೆರೆದು, ಜಾಮೂನಿನ ಪಾಕದಲ್ಲಿ ಬೆರಳದ್ದಿ ಅವರ ಕೆನ್ನೆಯ ಒಳಗಡೆ, ಒಸಡಿಗೆ, ಸವರತೊಡಗಿದೆ. ಒಂದು ಕೈಯಲ್ಲಿ ಸವರುತ್ತಾ ನಸೀಮಾಳನ್ನು ಕೂಗಿದ ಆ ದನಿ ನನ್ನದೆಂದು ಅವಳಿಗೆ ಗುರುತೇ ಹತ್ತಲಿಲ್ಲವಂತೆ.

ಬಿಸ್ಮಿಲ್ಲಾಗೆ ಬಂದಿದ್ದ ಗಂಡಸರೆಲ್ಲ ಓಡಿಬಂದರು. ಯಾರದೋ ಮೊಬೈಲ್ ಬೆಳಕು ಕಣ್ಣಿಗೆ ಹೊಡೆಯಿತು. ಅಷ್ಟರಲ್ಲಿ ಷೆಲ್ಫಿನ ಕಡೆ ನೋಡಲು ನನಗೆಲ್ಲಿ ಪುರುಸೊತ್ತು. ಜರಿಯಂಚಿನ ದುಪಟ್ಟಾದಲ್ಲೇ ನಸೀಮಾ ಕಾರು ಓಡಿಸಿದಳು. ಹೆಬ್ಬಾಳದ ಕಡೆಯ ಆಸ್ಪತ್ರೆ ತಲುಪುವವರೆಗೂ "ಏನಾಗಲ್ಲ ಅಕ್ಕಾ, ಏನಾಗಲ್ಲ, ಪಾಕ ಸವರ್ತಾ ಇರಿ" ಎನ್ನುತ್ತಲೇ ಇದ್ದಳು. ಗ್ಲೂಕೋಸ್ ಏರಿಸಿದ ಮೇಲೆ ಡಾಕ್ಟರು ಹೇಳಿದ್ದು ಇಷ್ಟೇ: ನೀವು ಊಟ ಮುಗಿಸಿಕೊಂಡು ಆಮೇಲೆ ಹುಡುಕಿದ್ದರೆ ನಾವು ಮಾಡುವುದು ಹೆಚ್ಚೇನೂ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ದಿಂಬಿಗೊರಗಿ ಕೂತು ಇಡ್ಲಿ ತಿನ್ನುತ್ತಿದ್ದಾಗ ನಾನು ಅಂದೆ, "ಟಾರ್ಚ್ ಆರಿಸದೇ ಬಿಟ್ರಲ್ಲ, ಅದೇ ನಮ್ ಪುಣ್ಯ. ಆ ಸವತಿ ಹೊಳೀತಿತ್ತು, ನಾನ್ ಬಂದೆ."

ಅವರು ಇಡ್ಲಿ ಕೆಳಗಿಟ್ಟರು. "ಯಾವ ಟಾರ್ಚ್?"

"ನಿಮ್ದೇ, ಇನ್ಯಾರ್ದು?"

ಕೈ ಒರೆಸಿಕೊಂಡು ಆಮೇಲೆ ಹೇಳಿದರು. ಆ ಕಲ್ಲನ್ನೂ ಟಾರ್ಚನ್ನೂ ಅವರು ಬೇಸಿಗೆಯಲ್ಲೇ ಕಾಲೇಜಿನ ಲ್ಯಾಬಿಗೆ ಒಪ್ಪಿಸಿದ್ದರು. ಇಂಥದ್ದನ್ನು ಮನೆಯಲ್ಲಿ ಇಡಬಾರದು ಎಂದು ನಾನು ಜಗಳವಾಡಿದ್ದು ಸರಿ ಎಂದು ಅವರಿಗೂ ಕಡೆಗೆ ಅನ್ನಿಸಿತ್ತು.

"ಮತ್ತೆ ಷೆಲ್ಫ್ ಮೇಲಿರೋ ಆ ಬಾಟ್ಲಿ?"

"ಖಾಲಿ ಬಾಟ್ಲಿ ಕಣೇ. ಅಲ್ಲೇ ಲ್ಯಾಬಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ವಾಪಸ್ ತಂದಿಟ್ಟಿದ್ದೆ."

"ಖಾಲಿ ಬಾಟ್ಲಿ ಯಾಕೆ ಇಟ್ರಿ?"

"ಅದು ಹೋಯ್ತು ಅಂತ ಗೊತ್ತಾದ್ರೆ ನೀನು ಗೆದ್ದೆ ಅಂತ ಊರಿಗೆಲ್ಲ ಹೇಳ್ತಿದ್ದೆ."

ನನಗೆ ನಗು ಬಂತು. ಹಾಗಾದರೆ ಹೊಳೆದದ್ದು ಏನು ಎಂದು ಯೋಚಿಸಿದ್ದು ಆಮೇಲೆ.

ಮನೆಗೆ ಬಂದಮೇಲೆ ಅವರು ಇದನ್ನು ಬಿಡಲಿಲ್ಲ. ಬಿಡುವ ಜಾತಿಯವರಲ್ಲ. ಕಾಲೇಜಿನಿಂದ ವಿಕಿರಣ ಅಳೆಯುವ ಕೌಂಟರ್ ತರಿಸಿ ಬಾಟಲಿಗೆ ಹಿಡಿದರು. ಗೋಡೆಗೆ ಹಿಡಿದಾಗ ಎಷ್ಟು ಟಿಕ್ ಟಿಕ್ ಎಂದಿತೋ ಬಾಟಲಿಗೂ ಅಷ್ಟೇ. ನೀರಿನಲ್ಲಿ ಕರಗುವ ವಸ್ತು, ತೊಳೆದ ಮೇಲೆ ಏನು ಉಳಿಯಬೇಕು? ಉಳಿದಿದ್ದರೂ ಟಾರ್ಚಿಲ್ಲದೆ ಹೇಗೆ ಹೊಳೆಯಬೇಕು? ಬೀದಿದೀಪ ಎನ್ನೋಣವೆಂದರೆ ಕರೆಂಟಿರಲಿಲ್ಲ. ಕಾರಿನ ಹೆಡ್‌ಲೈಟಿಗೆ ಕಾಂಪೌಂಡ್ ಅಡ್ಡ. ಬಿಸಿ ಬಿರಿಯಾನಿಯ ಡಬ್ಬಿ ತಂದುಕೊಟ್ಟ ನಸೀಮಾ, "ಮಿಂಚುಹುಳ ಇರ್ಬೇಕು ಸಾರ್" ಎಂದಳು. ಈ ಲೇಔಟಿನಲ್ಲಿ ಮಿಂಚುಹುಳ ಕಂಡು ಯಾವ ಕಾಲವಾಯಿತು? "ಹಂಗಾದ್ರೆ ಮೇಲಿನವನು ಕಳಿಸಿದ್ದು, ಬಿಡಿ. ಯಾವ ಪಾರ್ಸೆಲ್‌ನಲ್ಲಿ ಬಂತು ಅಂತ ಯಾಕೆ ಕೇಳ್ತೀರಾ" ಎಂದು ಅವಳು ಖಾಲಿ ಡಬ್ಬಿ ತೆಗೆದುಕೊಂಡು ಹೋದಳು.

ಒಂದು ದಿನ ಇವರು ಪೇಂಟ್ ಅಂಗಡಿಯ ಷೇಡ್ ಕಾರ್ಡ್ ತಂದು ನನ್ನ ಮುಂದೆ ಹರಡಿ, ಅವತ್ತು ಕಂಡ ಬಣ್ಣ ತೋರಿಸು ಅಂದರು. ನಾನು ಯೋಚಿಸದೇ ಬೆರಳಿಟ್ಟೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದೇ ಬಣ್ಣ" ಎಂದರು. "ನೆನಪು ಕಣೇ. ವರ್ಷಗಟ್ಟಲೆ ಬೈದಿದ್ದ ವಸ್ತು, ಕತ್ತಲಲ್ಲಿ ನಿನ್ ಕಣ್ಣಿಗೆ ಕಟ್ಟಿದೆ. ಮೆದುಳು ಮಾಡೋ ಕೆಲಸ."

"ಸರಿ ಕಣ್ರೀ, ನೆನಪು ಅಂತಾನೇ ಇಟ್ಕೊಳ್ಳಿ. ನೆನಪಿನ ಬೆಳಕಲ್ಲಿ ನೆಲದ ಮೇಲಿದ್ದ ನಿಮ್ಮ ಕನ್ನಡಕ ಹೆಂಗೆ ಕಾಣಿಸ್ತು?"

ಅವರು ಷೇಡ್ ಕಾರ್ಡ್ ಮಡಚಿಕೊಂಡು ಶೆಡ್ಡಿನ ಕಡೆ ಎದ್ದುಹೋದರು.

ನನಗೂ ಉತ್ತರ ಗೊತ್ತಿಲ್ಲ. ದೇವರೋ, ನೆನಪೋ, ನಮಗಿನ್ನೂ ತಿಳಿಯದ ಯಾವುದೋ ಫಿಸಿಕ್ಸೋ. ಒಮ್ಮೊಮ್ಮೆ ಅನ್ನಿಸುತ್ತದೆ: ಬಿಟ್ಟುಹೋದ ಗಣಿಯ ಕತ್ತಲಲ್ಲಿ, ಯಾರೂ ನೋಡದಿರುವಾಗ ಅಷ್ಟು ಚೆಂದವಾಗಿ ಹುಟ್ಟಿ, ಒಂದು ಮಳೆಗೆ ಕರಗಿಹೋಗುವಂಥದ್ದು ನಮ್ಮ ಮನೆಗೆ ಬಂದು ನನ್ನ ಬೈಗುಳವನ್ನೆಲ್ಲ ತಿಂದುಕೊಂಡು ಕೂತಿತ್ತಲ್ಲ. ಹಾಗೆ ಅಂದುಕೊಂಡರೆ ಸಿಸ್ಟರ್‌ಗಳು ನನ್ನ ಕೈಗೂ ಪೊರಕೆ ಕೊಡುತ್ತಿದ್ದರೇನೋ. ಆದರೆ ಅವರೇ ಕಲಿಸಿದ ಇನ್ನೊಂದು ಪಾಠವಿದೆ. ಯಾರಾದರೂ ಉಪಕಾರ ಮಾಡಿದರೆ, ಮಾಡಿದವರು ಎದುರಿಗಿಲ್ಲದಿದ್ದರೂ ಬಾಯಿಬಿಟ್ಟು ಥ್ಯಾಂಕ್ಸ್ ಹೇಳಬೇಕು. ಮನಸ್ಸಿನಲ್ಲೇ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ.

ಹಾಗಾಗಿ ದಿನಾ ದೀಪ ಹಾಕುವ ಹೊತ್ತಿಗೆ ನಾನು ಶೆಡ್ಡಿಗೆ ಹೋಗುತ್ತೇನೆ. ಲೈಟ್ ಹಾಕದೆ ಒಂದು ಗಳಿಗೆ ನಿಲ್ಲುತ್ತೇನೆ. ಬಾಟಲಿ ಅಲ್ಲೇ ಇದೆ, ಖಾಲಿ. ಆಮೇಲೆ ಇವತ್ತಿನವರೆಗೂ ಅದು ಹೊಳೆದಿಲ್ಲ. "ಥ್ಯಾಂಕ್ಯೂ" ಎಂದು ಗಟ್ಟಿಯಾಗಿ ಹೇಳಿ, ಬಾಗಿಲು ಹಾಕಿಕೊಂಡು ಬರುತ್ತೇನೆ. ಮೊದಮೊದಲು ಅವರು ಪೇಪರಿನ ಹಿಂದೆ ನಗುತ್ತಿದ್ದರು.

ಹೋದ ವಾರ ನನಗೆ ಜ್ವರ. ಸಂಜೆ ಎದ್ದು ಹೋಗಲಾಗಲಿಲ್ಲ, ಹಾಗೇ ಕಣ್ಣು ಮುಚ್ಚಿಕೊಂಡಿದ್ದೆ. ಅಂಗಳದ ಕಡೆ ಶೆಡ್ಡಿನ ಬಾಗಿಲು ಕಿರ್ರೆಂದಿತು. ಸ್ವಲ್ಪ ಹೊತ್ತಾದ ಮೇಲೆ ಅವರು ಒಳಗೆ ಬಂದು, ಚಪ್ಪಲಿ ಬಿಟ್ಟು, ನನ್ನ ಹಣೆ ಮುಟ್ಟಿ ನೋಡಿದರು.

"ಹೇಳಿ ಬಂದಿದೀನಿ. ನೀನು ಮಲಕ್ಕೋ" ಎಂದರು.