ಮಹಡಿ ಮೇಲಿನ ಸಿನಗಾಗ್

ಹೊಳಲ್ಕೆರೆಯಲ್ಲಿ ನನ್ನ ಟೈಲರ್ ಅಂಗಡಿಯ ಮಹಡಿಯ ಮೇಲೆ ಉದ್ದನೆಯ ಒಂದು ಕೋಣೆಯಿದೆ. ಅದೇ ನಮ್ಮ ಸಿನಗಾಗ್, ಪ್ರಾರ್ಥನಾ ಮಂದಿರ. ನಾವು ಯೆಹೂದಿಗಳು. ಕೊಂಕಣದ ಕರಾವಳಿಯಿಂದ ರೈಲ್ವೆ ಗಾರ್ಡ್ ಆಗಿ ಚಿಕ್ಕಜಾಜೂರಿಗೆ ಬಂದ ನನ್ನ ತಂದೆ ಮತ್ತೆ ಹಿಂದಿರುಗಲಿಲ್ಲ. ಅವರ ಬೆನ್ನಿಗೆ ಬಂದ ನೆಂಟರು ಅಲ್ಲಲ್ಲಿ ನೆಲೆ ನಿಂತರು. ಹಿರಿಯೂರಿನಲ್ಲಿ ದೊಡ್ಡಮ್ಮ, ಚಿತ್ರದುರ್ಗದಲ್ಲಿ ಒಬ್ಬ ಮೇಷ್ಟ್ರ ಸಂಸಾರ, ಹೊಸದುರ್ಗದಲ್ಲಿ ನನ್ನ ಚಿಕ್ಕಪ್ಪನ ಮಗ. ಅವನು ನನಗಿಂತ ದೊಡ್ಡವನು, ಅಣ್ಣ ಎನ್ನುತ್ತೇನೆ. ಗಡಿಯಾರ ರಿಪೇರಿ ಅವನ ಕಸುಬು. ಮದುವೆಯಾಗಲಿಲ್ಲ.

ಮಳೆಗಾಲ ಮುಗಿಯುತ್ತ ಬರುವಾಗ ನಮ್ಮ ಹೊಸ ವರ್ಷ. ಅಂದು ಎಲ್ಲರೂ ಮಹಡಿಯಲ್ಲಿ ಸೇರುತ್ತೇವೆ. ಮೇಷ್ಟ್ರು ಪ್ರಾರ್ಥನೆ ಓದುತ್ತಾರೆ, ಅಣ್ಣ ಟಗರಿನ ಕೊಂಬು ಊದುತ್ತಾನೆ, ನನ್ನ ಹೆಂಡತಿ ಮಾಡಿದ ತೆಂಗಿನಹಾಲಿನ ಹಲ್ವ ತಿಂದು ಎಲ್ಲರೂ ಬಸ್ಸು ಹತ್ತುತ್ತಾರೆ. ಆಮೇಲೆ ಒಬ್ಬರ ಸುದ್ದಿ ಒಬ್ಬರಿಗೆ ಬೇಕಿರಲಿಲ್ಲ. ನಮ್ಮಷ್ಟಕ್ಕೆ ನಾವು ಇರುವುದೇ ಕ್ಷೇಮ ಎಂದು ತಂದೆ ಹೇಳಿಕೊಟ್ಟಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಒಬ್ಬ ಹೆಂಗಸು ಅಂಗಡಿಯ ಮುಂದೆ ನಿಂತು ಬಾಗಿಲ ಚೌಕಟ್ಟನ್ನೇ ನೋಡುತ್ತಿದ್ದರು. ಅಲ್ಲಿ ಓರೆಯಾಗಿ ಬಡಿದ ಸಣ್ಣ ಡಬ್ಬಿಯಿದೆ, ಒಳಗೆ ನಮ್ಮ ಧರ್ಮದ ಬರಹದ ಸುರುಳಿ. ಬೀದಿಯವರೆಲ್ಲ ಅದನ್ನು ತಾಯಿತ ಎಂದು ತಿಳಿದಿದ್ದಾರೆ. ನಾವೂ ಅಲ್ಲವೆಂದಿಲ್ಲ.

"ಇದು ಮೆಜೂಜಾ ಅಲ್ರೀ?" ಎಂದರು.

ನನ್ನ ಕೈಯ ಕತ್ತರಿ ನಿಂತಿತು. ತಾನು ಮುಂಬೈಯವಳು, ಹುಬ್ಬಳ್ಳಿಯಲ್ಲಿ ಬಹಳ ವರ್ಷವಿದ್ದು ಈಗ ಚಿಕ್ಕಜಾಜೂರು ಸ್ಟೇಷನ್ನಿಗೆ ವರ್ಗವಾಗಿ ಬಂದಿದ್ದೇನೆ, ತಾನೂ ನಮ್ಮವಳೇ ಎಂದು ಹೇಳಿಕೊಂಡರು. ನಮ್ಮವರು ಎಂದು ಹೇಳಿಕೊಂಡು ಯಾರೂ ಇಷ್ಟು ಸಲೀಸಾಗಿ ನನ್ನ ಮುಂದೆ ನಿಂತಿರಲಿಲ್ಲ. ಟೀ ತರಿಸಿದೆ, ನಂಬಲಿಲ್ಲ.

ಆಕೆ ಒಂದೊಂದೇ ಮನೆಗೆ ಹೋಗತೊಡಗಿದರು. ದೊಡ್ಡಮ್ಮನಿಂದ ಫೋನು ಬಂತು. "ಯಾರೋ ಅದು? ನಾ ನುಂಗೋ ಮಾತ್ರೆ ಫೋಟೋ ಹೊಡ್ಕಂಡು ಹೋದ್ಲು. ಬಿದ್ರೆ ಯಾರನ್ನ ಕೂಗ್ತೀರಿ ಅಂತ ಕೇಳಿದ್ಲು. ನಾ ಯಾಕೋ ಬೀಳ್ತೀನಿ?" ಮೇಷ್ಟ್ರ ಮನೆಯಲ್ಲಿ ಒಂದು ಬೀಗದ ಕೈ ಪಕ್ಕದ ಮನೆಯಲ್ಲಿಡಿ ಎಂದಿದ್ದರಂತೆ. ಪ್ರತಿ ಶುಕ್ರವಾರ ಸಂಜೆ ನಮ್ಮ ವಾರದ ವಿಶ್ರಾಂತಿ ದಿನದ ದೀಪ ಹಚ್ಚುವ ಮುಂಚೆ ಒಬ್ಬರಿಗೊಬ್ಬರು ಫೋನು ಮಾಡಬೇಕಂತೆ. ಅಣ್ಣ ಮಾತ್ರ ಏನೂ ಹೇಳಲಿಲ್ಲ. ಕೇಳಿದರೆ, "ಬಂದಿದ್ಲು, ಹೋದ್ಲು" ಅಂದ.

ಒಂಟಿ ಜನರ ಮನೆ, ಮಾತ್ರೆ, ಬೀಗದ ಕೈ. ನನಗೆ ನಿದ್ದೆ ಕೆಟ್ಟಿತು. ಪಕ್ಕದ ಮಳಿಗೆಯಲ್ಲಿ ಹಾಸಿಗೆ ಹೊಲಿಯುವ ಸಾಹೇಬರು ನನ್ನ ಹಳೇ ಗೆಳೆಯರು, ತಲೆತಲಾಂತರದಿಂದ ಇದೇ ಊರಿನವರು. ಅವರಿಗೂ ಸಂಶಯ. "ಆಯಮ್ಮ ಸುಮ್ನೆ ಬಂದಿಲ್ಲ ಬಿಡ್ರಿ. ಮನೆ ಬರೆಸ್ಕಳಾಕೆ ಬಂದಿರ್ಬೇಕು" ಎಂದರು.

ಒಂದು ಮಧ್ಯಾಹ್ನ ತಡೆಯಲಾರದೆ ಚಿಕ್ಕಜಾಜೂರಿಗೆ ಹೋದೆ. ಸ್ಟೇಷನ್ ಎದುರಿನ ಟೀ ಅಂಗಡಿಯವನನ್ನು ವಿಚಾರಿಸಿದೆ. "ಒಳ್ಳೇರು ಕಣ್ರಿ. ಯಾಕೆ, ಹೆಣ್ಣು ನೋಡಾಕೆ ಬಂದೀರಾ?" ಎಂದು ಅವನು ನನ್ನ ಮೇಲೇ ಅನುಮಾನಪಟ್ಟ. ಅಷ್ಟರಲ್ಲಿ ಡ್ಯೂಟಿ ಮುಗಿಸಿದ ಆಕೆಯೇ ಎದುರಿಗೆ ಬಂದರು. ಬೇರೆ ದಾರಿಯಿಲ್ಲದೆ ನೇರವಾಗಿ ಕೇಳಿದೆ. "ನಿಮಗೆ ನಮ್ಮಿಂದ ಏನಾಗ್ಬೇಕು? ಯಾಕೆ ಮನೆ ಮನೆ ತಿರುಗ್ತೀರಿ?"

ಆಕೆ ಬೇಸರ ಪಡಲಿಲ್ಲ. ಬೆಂಚಿನ ಮೇಲೆ ಕುಳಿತು ನಿಧಾನವಾಗಿ ಹೇಳಿದರು. "ಮುಂಬೈದಾಗ ನಮ್ಮಪ್ಪನ ಮನಿ ಹಿಂದಿನ ಬೀದಿಯೊಳಗ ದೊಡ್ಡ ಸಿನಗಾಗ್ ಇತ್ರಿ. ಹೊಸ ವರ್ಷದ ದಿನ ಅಪ್ಪ ಹೋಗಲಿಲ್ಲ. ಅವನ ಕುರ್ಚಿ ಖಾಲಿ ಇದ್ದದ್ದು ಎಲ್ಲಾರೂ ನೋಡ್ಯಾರ. ಮಗಳ ಊರಿಗೆ ಹೋಗಿರಬೇಕು ಅಂದ್ಕೊಂಡ್ರಂತ. ಅಪ್ಪ ಮನ್ಯಾಗ ಬಿದ್ದಿದ್ದ, ಜೀವ ಇತ್ತು. ಹಬ್ಬ ಮುಗಿಯೂ ಹೊತ್ತಿಗೆ ಹೋಗಿಬಿಟ್ಟ." ನನ್ನ ಕಡೆ ತಿರುಗಿದರು. "ನೀವು ನನ್ನ ಮ್ಯಾಲೆ ಸಂಶಯ ಪಡ್ತೀರಲ್ರಿ, ಪಡ್ರಿ. ಅವತ್ತು ಒಬ್ಬರಾದ್ರೂ ಹಂಗ ಸಂಶಯ ಪಟ್ಟಿದ್ರ ಸಾಕಾಗಿತ್ತು."

ನಾನು ವಾಪಸ್ ಬಂದೆ. ಕಥೆ ಕಟ್ಟಿರಲೂಬಹುದು ಎಂದು ಬಸ್ಸಿನಲ್ಲಿ ಕೂತು ಯೋಚಿಸಿದ್ದೂ ನಿಜ.

ಹೊಸ ವರ್ಷ ಬಂತು. ಬೆಳಿಗ್ಗೆ ಮಹಡಿ ತುಂಬಿತು. ಆಕೆಯೂ ಬಂದು ದೊಡ್ಡಮ್ಮನ ಪಕ್ಕ ಕುಳಿತರು, ದೊಡ್ಡಮ್ಮ ತನ್ನ ಕೈಚೀಲವನ್ನು ಆ ಕಡೆಯಿಂದ ಈ ಕಡೆಗೆ ಇಟ್ಟುಕೊಂಡಳು. ಅಣ್ಣ ಬಂದಿರಲಿಲ್ಲ. ಫೋನು ಎತ್ತಲಿಲ್ಲ. "ಬಸ್ಸು ತಡ ಆಗಿರ್ಬೇಕು" ಎಂದರು ಮೇಷ್ಟ್ರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಆಮೇಲೆ ಆ ಹೆಂಗಸಿನ ಕಡೆ ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದರು.

ಅಣ್ಣ ಆರು ತಿಂಗಳ ಹಿಂದೆ ಅಂಗಡಿ ಮುಚ್ಚಿದ್ದ. ಈಗ ಯಾರು ವಾಚು ಕಟ್ಟುತ್ತಾರೆ ಅಂದಿದ್ದ, ನಾವು ನಂಬಿದ್ದೆವು. ಅದು ಆ ಗಳಿಗೆಯಲ್ಲಿ ನನಗೆ ಸರಿ ಕಾಣಲಿಲ್ಲ. ಪ್ರಾರ್ಥನೆಯ ನಡುವೆಯೇ ಎದ್ದು ಕೆಳಗಿಳಿದೆ. ಅಣ್ಣ ಬಂದಿಲ್ಲ ಎಂದೆ. ಸಾಹೇಬರು ಕಾರು ತೆಗೆದರು. "ಹತ್ರಿ, ಹೋಗಾಣ."

ಹೊಸದುರ್ಗದಲ್ಲಿ ಅಣ್ಣನ ಮನೆ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಬಹಳ ಹೊತ್ತು ಬಡಿದ ಮೇಲೆ ತೆರೆದ. ಹಬ್ಬದ ಬಿಳಿ ಅಂಗಿ ತೊಟ್ಟಿದ್ದ, ಗುಂಡಿ ಒಂದೂ ಹಾಕಿರಲಿಲ್ಲ.

"ಅವಳೇ ಹೇಳಿ ಕಳಿಸಿದ್ಲಾ?" ಎಂದ.

"ಏನಂತ?"

ಅವನು ಎರಡೂ ಕೈ ಮುಂದೆ ಚಾಚಿದ. ಅವು ನಡುಗುತ್ತಿದ್ದವು. "ಮನೆಗೆ ಬಂದವತ್ತೇ ನೋಡಿದ್ಲು. ಎಲ್ಲರಿಗೂ ಡಂಗುರ ಹೊಡ್ದಿರ್ತಾಳೆ ಅಂದ್ಕಂಡೆ. ಕೊಂಬು ಹಿಡಿಯಾಕಾಗಲ್ಲ ಕಣೋ. ನಿಮ್ ಮುಂದೆ ಹೆಂಗ್ ಬರ್ಲಿ?"

ಆಕೆ ಯಾರಿಗೂ ಹೇಳಿರಲಿಲ್ಲ. ನಾನು ಅದನ್ನೇ ಹೇಳಿದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ನಾನು ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿದೆ. ಬೇರೆಯವರ ಅಂಗಿಗೆ ಗುಂಡಿ ಹಾಕಿ ನೋಡುವುದು ನನಗೆ ದಿನದ ಕೆಲಸ, ಆದರೂ ಅಂದು ಕಣ್ಣು ಮಂಜಾಗಿ ಎರಡು ಸಲ ತಪ್ಪಿದೆ. ಬಾಗಿಲಲ್ಲಿ ನಿಂತಿದ್ದ ಸಾಹೇಬರು ಬೀದಿಯ ಕಡೆ ತಿರುಗಿದರು.

ಅಣ್ಣನನ್ನು ಕರೆದುಕೊಂಡು ನಾವು ಬರುವವರೆಗೆ ಮಹಡಿಯಲ್ಲಿ ಯಾರೂ ಹಲ್ವ ಮುಟ್ಟಿರಲಿಲ್ಲ. ಮೇಷ್ಟ್ರು ಕೊಂಬನ್ನು ಅಣ್ಣನ ಬಾಯಿಗೆ ಹಿಡಿದರು. ಮೊದಲು ಬರೀ ಗಾಳಿ ಬಂತು. ಆಮೇಲೆ ದನಿ ಎದ್ದಿತು, ಬೀದಿಯಲ್ಲಿ ಹೋಗುವವರು ನಿಂತು ಮೇಲೆ ನೋಡುವಷ್ಟು.

ಮುಂದಿನ ವಾರ ನನ್ನ ಹೆಂಡತಿ ಮತ್ತು ಆಕೆ ಸೇರಿ ಅಣ್ಣನನ್ನು ದಾವಣಗೆರೆಯ ಡಾಕ್ಟರ ಬಳಿ ಕರೆದೊಯ್ದರು. ಈ ರೋಗ ವಾಸಿಯಾಗುವುದಲ್ಲ, ಆದರೆ ಮಾತ್ರೆಯಿಂದ ನಡುಕ ಕೊಂಚ ಹತೋಟಿಗೆ ಬಂದಿದೆ. ನನಗೇಕೆ ಮೊದಲೇ ಹೇಳಲಿಲ್ಲ ಎಂದು ಆಕೆಯನ್ನು ಕೇಳಿದೆ. "ಅವರ ಕೈ, ಅವರ ಸುದ್ದಿ. ನಾ ಹ್ಯಾಂಗ ಹೇಳ್ಲಿ?" ಎಂದರು.

ಈಗ ಶುಕ್ರವಾರ ಸಂಜೆ ಫೋನು ಮಾಡುವ ಕೆಲಸ ನನ್ನದು. ದೊಡ್ಡಮ್ಮ ಎತ್ತಿದ ಕೂಡಲೇ ಕೇಳುತ್ತಾಳೆ, "ಏನೋ, ಸತ್ತೆ ಅಂದ್ಕಂಡ್ಯಾ?" ಇಲ್ಲ ಎನ್ನುತ್ತೇನೆ. ಆಮೇಲೆ ಅವಳು ದೀಪ ಹಚ್ಚುವ ಹೊತ್ತು ಮೀರುವವರೆಗೂ ಮಾತಾಡುತ್ತಾಳೆ.